ಯುದ್ಧದ ಪುಸ್ತಕಗಳನ್ನು ಅಡುಗೆಮನೆಯಿಂದ ಓದಿ

ಸೇನಾಪತಿಗಳ ಲೆಕ್ಕಾಚಾರ ಬೇಡ, ಯುದ್ಧದ ನಡುವೆ ಬದುಕಿದ ಸಾಮಾನ್ಯರ ಪುಸ್ತಕ ಬೇಕು, ಕಾದಂಬರಿಯಿಂದ ಆರಂಭಿಸಲೋ ಆತ್ಮಕಥನದಿಂದಲೋ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಮೊದಲು ದಿನಚರಿ. ಕಾದಂಬರಿಕಾರನಿಗೆ ಕೊನೆ ಗೊತ್ತಿರುತ್ತದೆ. ದಿನಚರಿ ಬರೆಯುವವರಿಗೆ ನಾಳೆಯೂ ಗೊತ್ತಿರುವುದಿಲ್ಲ.

ಆನ್ ಫ್ರಾಂಕ್‌ಳ ದಿನಚರಿಯನ್ನು ಶಾಲೆಯಲ್ಲೇ ಓದಿ ಮುಗಿಸಿದ್ದೇನೆ ಎಂದು ಬದಿಗಿಡಬೇಡಿ. 1942ರಿಂದ ಎರಡು ವರ್ಷ ಆಮ್‌ಸ್ಟರ್‌ಡ್ಯಾಮಿನ ಅಡಗುತಾಣದಲ್ಲಿ ನಾಜಿಗಳಿಗೆ ಸಿಗದಂತೆ ಅವಿತಿದ್ದವರು ಈ ಯಹೂದಿ ಹುಡುಗಿ ಸೇರಿ ಎಂಟು ಮಂದಿ. ಈ ಸಲ ಊಟದ ಪುಟಗಳನ್ನು ನಿಧಾನವಾಗಿ ಓದಿ: ದಿನಗಟ್ಟಲೆ ಒಂದೇ ತರಕಾರಿ, ಆಲೂಗೆಡ್ಡೆ ಸುಲಿಯುವುದರಲ್ಲೂ ತಕರಾರು. ಆಮೇಲೆ 2015ರ ಸಾಹಿತ್ಯ ನೊಬೆಲ್ ಪಡೆದ ಬೆಲಾರುಸ್ ಲೇಖಕಿ ಸ್ವೆತ್ಲಾನಾ ಅಲೆಕ್ಸಿಯೆವಿಚ್. ಎರಡನೇ ಮಹಾಯುದ್ಧಕ್ಕೆ ಹೋದ ಸೋವಿಯತ್ ಹೆಂಗಸರ ಮಾತುಗಳನ್ನು, ಬಟ್ಟೆ ಒಗೆದವರನ್ನೂ ಬಿಡದೆ, ಅವರು ‘ದಿ ಅನ್‌ವುಮನ್ಲಿ ಫೇಸ್ ಆಫ್ ವಾರ್’ ಪುಸ್ತಕದಲ್ಲಿ ಕೂಡಿಸಿದ್ದಾರೆ. ಅದನ್ನು ಮಾತ್ರ ಒಂದೇ ಉಸಿರಿಗೆ ಓದಲು ಹೋಗಬೇಡಿ. ನಾನು ಹೋಗಿ ಮೂರು ದಿನ ನಿದ್ದೆಗೆಟ್ಟೆ.

ಮಂಗಳೂರಿನವರೆಂದು ಬರೆದಿದ್ದೀರಿ. ಹಾಗಾದರೆ ಇಂಥದ್ದೊಂದು ಕಥೆ ನಿಮ್ಮ ಪಕ್ಕದ ಮನೆಯಲ್ಲೇ ಇದ್ದೀತು. 1990ರಲ್ಲಿ ಇರಾಕ್ ಕುವೈತಿನ ಮೇಲೆ ದಾಳಿ ಮಾಡಿದಾಗ ಅಲ್ಲಿದ್ದ ನಮ್ಮ ಕರಾವಳಿಯ ಎಷ್ಟೋ ಮಂದಿ ಹೇಗೋ ಜೋರ್ಡಾನಿನ ಅಮ್ಮಾನ್ ತಲುಪಿ ವಿಮಾನ ಹತ್ತಿದರು. ಉಡುಪಿಯಲ್ಲಿರುವ ನನ್ನ ಸೋದರಮಾವ ಅವರಲ್ಲೊಬ್ಬರು. ಯುದ್ಧದ ಬಗ್ಗೆ ಕೇಳಿದರೆ ಅವರು ಹೇಳುವುದು ಫ್ರಿಜ್ಜಿನಲ್ಲೇ ಬಿಟ್ಟುಬಂದ ಬಂಗುಡೆಯ ಕಥೆ. ಆ ಫ್ಲಾಟಿನ ಬೀಗದ ಕೈ ಈಗಲೂ ಅವರ ಕಪಾಟಿನಲ್ಲಿದೆ. ತುಕ್ಕು ಹಿಡಿಯದಿರಲೆಂದು ಪ್ರತಿ ಮಳೆಗಾಲ ತೆಂಗಿನೆಣ್ಣೆ ಸವರುತ್ತಾರೆ.