ಜಸ್ಟಿನ್ ಶಿಯಾಂಗ್ ಅಖಾಡಕ್ಕೆ ಇಳಿದದ್ದು ಸೋತು ಬಂದೋ, ಬೇಕೆಂದೋ?

ನಿಮ್ಮ ಪ್ರಶ್ನೆ ಇಷ್ಟು: ಬ್ಯಾಟಲ್‌ಟೆಕ್, ಅಂದರೆ ಒಳಗೆ ಪೈಲಟ್ ಕೂತು ನಡೆಸುವ ದೈತ್ಯ ಯುದ್ಧಯಂತ್ರಗಳನ್ನು ಮೇಜಿನ ಮೇಲೆ ಕಾದಾಡಿಸುವ ಆಟ, ಈಗಷ್ಟೇ ಶುರು ಮಾಡಿದ್ದೀರಿ. ಅದರ ಕಥೆಯಲ್ಲಿ ಒಳ್ಳೆಯ ಸೇನಾ ಪೈಲಟ್ ಆಗಿದ್ದ ಜಸ್ಟಿನ್ ಶಿಯಾಂಗ್ ಜೂಜುಕೋರರ ಮುಂದೆ ಕಾದಾಡುವ ಮಟ್ಟಕ್ಕೆ ಹೇಗೆ ಇಳಿದ, ಅವನ ಯಂತ್ರಕ್ಕೆ ಯಾಕಿಷ್ಟು ಹೆಸರು ಅಂತ ಕೇಳಿದ್ದೀರಿ. ಮೊದಲನೆಯದಕ್ಕೆ ಪೂರ್ತಿ ಉತ್ತರ ಕೊಟ್ಟರೆ ಕಥೆಯ ಗುಟ್ಟು ರಟ್ಟಾಗುತ್ತದೆ. ಕಾದಂಬರಿಗಳನ್ನು ಓದುವ ಮನಸ್ಸಿದ್ದರೆ ಕೊನೆಯ ಮೂರು ಪ್ಯಾರಾ ಬಿಟ್ಟುಬಿಡಿ.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಈ ಆಟ 1984ರಲ್ಲಿ ಬ್ಯಾಟಲ್‌ಡ್ರಾಯ್ಡ್ಸ್ ಅಂತ ಬಂತು. 'ಡ್ರಾಯ್ಡ್' ಪದದ ತಕರಾರಿನಿಂದ ಮರುವರ್ಷವೇ ಹೆಸರು ಬದಲಾಯಿತು. ಜಸ್ಟಿನ್ ಬಂದದ್ದು 1988ರಲ್ಲಿ ಶುರುವಾದ ಕಾದಂಬರಿ ತ್ರಿವಳಿಯಲ್ಲಿ. ತಂದೆ ಕ್ವಿಂಟಸ್ ಅಲಾರ್ಡ್ ಡೇವಿಯನ್ ಮನೆತನದ ಗುಪ್ತಚರ ಮುಖ್ಯಸ್ಥ, ತಾಯಿ ಲಿಯಾವೋ ಮನೆತನ ಆಳುವ ಕಪೆಲನ್ ರಾಜ್ಯದ ಮೂಲದವಳು, ಅಂದರೆ ಶತ್ರು ಪಾಳೆಯದ ರಕ್ತ. ಕಿಟರಿ ಗ್ರಹದಲ್ಲಿ ಹೊಸಬರಿಗೆ ತರಬೇತಿ ಕೊಡುತ್ತಿದ್ದಾಗ ಹೊಂಚುದಾಳಿಯಲ್ಲಿ ಎಡ ಮುಂಗೈ ಹೋಗುತ್ತದೆ. ಗಾಯ ಆರುವ ಮೊದಲೇ ದೇಶದ್ರೋಹದ ಆರೋಪ, ವಿಚಾರಣೆ, ಗಡೀಪಾರು. ಅಲಾರ್ಡ್ ಎಂಬ ಹೆಸರು ಕಳಚಿ, ಶಿಯಾಂಗ್ ಎಂದು ಇಟ್ಟುಕೊಂಡು, ಲೋಹದ ಕೈ ಹೊತ್ತು ಸೊಲಾರಿಸ್ 7ಕ್ಕೆ ಬರುತ್ತಾನೆ.

ಸೊಲಾರಿಸ್ ಅಂದರೆ ಇಡೀ ಗ್ರಹವೇ ಒಂದು ಅಖಾಡ. ಈ ಕಥಾಲೋಕವನ್ನು ಹಂಚಿಕೊಂಡು ಆಳುವ ಐದು ಮಹಾ ಮನೆತನಗಳಿಗೂ ಅಲ್ಲಿನ ನಗರದಲ್ಲಿ ತಮ್ಮ ತಮ್ಮ ಬಡಾವಣೆ, ತಮ್ಮ ತಮ್ಮ ಕಣ. ಸ್ಟೈನರ್ ಕ್ರೀಡಾಂಗಣ ಬಯಲು. ಇಶಿಯಾಮಾದಲ್ಲಿ ಬರೀ ಸುರಂಗ. 'ಫ್ಯಾಕ್ಟರಿ'ಯಲ್ಲಿ ಪಾಳುಬಿದ್ದ ಕಾರ್ಖಾನೆಯ ಗೋಡೆ, ಕಂಬ. ಲಿಯಾವೋದವರ 'ಜಂಗಲ್'ನಲ್ಲಿ ಸೂರಿನ ಕೆಳಗೇ ಕಾಡು. ಯುದ್ಧದಲ್ಲಿ ಗಡಿಗಾಗಿ ಸಾಯುವ ಮನೆತನಗಳು ಇಲ್ಲಿ ಅದೇ ಹಗೆಯನ್ನು ಟಿಕೆಟ್ ಮಾರಿ ತೋರಿಸುತ್ತವೆ. ಯಂತ್ರ ಕಳೆದುಕೊಂಡವರು, ಸೇನೆಯಿಂದ ಉಚ್ಚಾಟಿತರಾದವರು ಯಾವುದಾದರೂ ಗರಡಿ ಸೇರಿಕೊಂಡು ಹೊಟ್ಟೆ ಹೊರೆಯುತ್ತಾರೆ. ಅಂಥವರ ನಡುವೆ ಜಸ್ಟಿನ್ ಯಾರ ಕಣ್ಣಿಗೂ ಬೇರೆಯಾಗಿ ಕಾಣುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಇನ್ನು ಯಂತ್ರ. ಅದರ ಹೆಸರು ಯೆನ್-ಲೋ-ವಾಂಗ್. ಇದು ಕೇಳಿ ನಾನು ಸುಮಾರು ದಿನ ಏನೋ ಚೀನೀ ಹೆಸರು ಅಂದುಕೊಂಡು ಸುಮ್ಮನಿದ್ದೆ. ಆಮೇಲೆ ಗೊತ್ತಾಯಿತು: ಬೌದ್ಧ ಧರ್ಮದ ಜೊತೆ ಚೀನಾಕ್ಕೆ ಹೋಗಿ ನಾಲಿಗೆ ತಿರುಗಿಸಿಕೊಂಡ ನಮ್ಮ ಯಮರಾಜನೇ ಅದು! ತಳಿಯಲ್ಲಿ ಇದು 50 ಟನ್ನಿನ ಸೆಂಚುರಿಯನ್. ಸಾಮಾನ್ಯ ಸೆಂಚುರಿಯನ್‌ನಲ್ಲಿ ಹತ್ತನೇ ದರ್ಜೆಯ ಆಟೋಕ್ಯಾನನ್ (ತಾನೇ ಗುಂಡು ತುಂಬಿಕೊಳ್ಳುವ ಫಿರಂಗಿ), ದೂರಗಾಮಿ ಕ್ಷಿಪಣಿಗಳು, ಎರಡು ಲೇಸರ್ ಇರುತ್ತವೆ. ಎಲ್ಲಾ ದೂರಕ್ಕೂ ಸ್ವಲ್ಪ ಸ್ವಲ್ಪ, ಯಾವುದಕ್ಕೂ ಪೂರ್ತಿ ಅಲ್ಲ. ಯೆನ್-ಲೋ-ವಾಂಗ್‌ನಲ್ಲಿ ಕ್ಷಿಪಣಿಯನ್ನೂ ಆ ಫಿರಂಗಿಯನ್ನೂ ಕಿತ್ತುಹಾಕಿ ಇಪ್ಪತ್ತನೇ ದರ್ಜೆಯ ಫಿರಂಗಿ ಕೂರಿಸಿದ್ದಾರೆ.

ಆಟದ ಲೆಕ್ಕದಲ್ಲಿ ಇದರ ಅರ್ಥ ನೋಡಿ. ನಕಾಶೆಯಲ್ಲಿ ಷಟ್ಕೋನದ ಮನೆಗಳಿರುತ್ತವೆ, ಒಂದು ಮನೆ ಅಂದರೆ 30 ಮೀಟರ್. ಹಳೆಯ ಫಿರಂಗಿ 15 ಮನೆ, ಅಂದರೆ 450 ಮೀಟರ್ ಹೊಡೆಯುತ್ತಿತ್ತು. ಹೊಸದು 9 ಮನೆ, 270 ಮೀಟರ್ ಮಾತ್ರ. ಒಂದು ಟನ್ ಮದ್ದಿಗೆ ಬರೀ 5 ಗುಂಡು. ಇಷ್ಟೆಲ್ಲ ಬಿಟ್ಟುಕೊಟ್ಟು ಸಿಗುವುದು ಒಂದೇ ಏಟಿಗೆ 20 ಅಂಕದ ಪೆಟ್ಟು. ಯಾವ ಯಂತ್ರದ ತಲೆಗೂ ಹೆಚ್ಚೆಂದರೆ 9 ಅಂಕದ ಕವಚ, ಒಳಗಿನ ಚೌಕಟ್ಟು 3, ಒಟ್ಟು 12. ಹತ್ತರ ಗುಂಡು ತಲೆಗೆ ಬಿದ್ದರೆ ಎದುರಾಳಿ ಇನ್ನೂ 2 ಅಂಕ ಹಿಡಿದುಕೊಂಡು ಉಸಿರಾಡುತ್ತಾನೆ. ಇಪ್ಪತ್ತು ಬಿದ್ದರೆ ಮುಗಿಯಿತು. ಎದುರಿನಿಂದ ಹೊಡೆದಾಗ ತಲೆಗೆ ಬೀಳುವ ಸಾಧ್ಯತೆ 36ರಲ್ಲಿ 1 ಅಷ್ಟೇ, ಆದರೆ ಆ ಒಂದರ ಭಯ ಎದುರಿಗಿರುವವನ ಪ್ರತಿ ಹೆಜ್ಜೆಯಲ್ಲೂ ಕಾಣುತ್ತದೆ.

ನಾನು ಈ ಯಂತ್ರವನ್ನು ಮೊದಲ ಸಲ ಇಳಿಸಿದ್ದು ಬಯಲು ನಕಾಶೆಯಲ್ಲಿ. ಶುದ್ಧ ಮೂರ್ಖತನ. ಇದು ಓಡಿದರೆ ಒಂದು ಸರದಿಗೆ 6 ಮನೆ. ಎದುರಾಳಿಯ ಕ್ಷಿಪಣಿ 21 ಮನೆ ದೂರದಿಂದ ಬೀಳುತ್ತದೆ. ನಾನು ಹತ್ತಿರ ಹೋದಷ್ಟೂ ಅವನು ಹಿಂದೆ ಸರಿದ. ಮದ್ದು ಹಾಗೇ ಉಳಿದಿತ್ತು, ಕಾಲು ಉಳಿಯಲಿಲ್ಲ. ಮುಂದಿನ ಸಲ ಗೋಡೆಗಳಿರುವ ಕಣದಲ್ಲಿ, ಮೂಲೆ ಹಿಡಿದು ಕಾದೆ. ಎರಡೇ ಗುಂಡಿಗೆ ಪಂದ್ಯ ಮುಗಿಯಿತು. ಅವತ್ತು ಈ ಪಾತ್ರದ ಬುದ್ಧಿ ನನಗೆ ಅರ್ಥವಾಯಿತು. ಯುದ್ಧಭೂಮಿಯಲ್ಲಿ ಕೆಲಸಕ್ಕೆ ಬಾರದ ಯಂತ್ರ, ಅಖಾಡಕ್ಕೆಂದೇ ಹೇಳಿ ಮಾಡಿಸಿದ್ದು.

ಅವನ ಅಖಾಡದ ಬದುಕು ಬಹಳ ಚಿಕ್ಕದು, ಅಭಿಮಾನಿಗಳು ಉಬ್ಬಿಸಿ ಹೇಳುತ್ತಾರೆ. ಅದರ ಶಿಖರ ಮಾಜಿ ಚಾಂಪಿಯನ್ ಗ್ರೇ ನೋಟನ್ ಜೊತೆಗಿನ ಕಾಳಗ. ನೋಟನ್‌ನ 60 ಟನ್ನಿನ ರೈಫಲ್‌ಮನ್‌ಗೆ 'ಲೆಜೆಂಡ್-ಕಿಲ್ಲರ್' ಅಂತ ಹೆಸರು. ರೈಫಲ್‌ಮನ್ ತಳಿ ದೂರದಿಂದ ಭಯಂಕರ; ತೋಳುಗಳನ್ನು ಹಿಂದಕ್ಕೆ ಮಗುಚಿ ಬೆನ್ನಹಿಂದೆ ಬಂದವನಿಗೂ ಹೊಡೆಯಬಲ್ಲದು. ಕವಚ ಮಾತ್ರ ತೆಳು, ಎಲ್ಲಾ ಕೋವಿ ಒಟ್ಟಿಗೆ ಹಾರಿಸಿದರೆ 24 ಅಂಕದ ಶಾಖ, ತಣಿಸಲು ಇರುವುದು 10. ಅಂಥದ್ದನ್ನು ಹತ್ತಿರಕ್ಕೆ ಎಳೆದುಕೊಂಡವನೇ ಗೆಲ್ಲುತ್ತಾನೆ. ನೋಟನ್ ಸಾಯುತ್ತಾನೆ, ಶಿಯಾಂಗ್ ಹೆಸರು ಮನೆಮಾತಾಗುತ್ತದೆ.

ಈಗ ಗುಟ್ಟು. ಜಸ್ಟಿನ್ ಸೋತು ಬಂದವನಲ್ಲ, ಕಳಿಸಲ್ಪಟ್ಟವನು. ಗಡೀಪಾರಿನ ಹಿಂದೆ ದೊರೆ ಹ್ಯಾನ್ಸ್ ಡೇವಿಯನ್ ಇದ್ದ. ಶತ್ರುವಿನ ಗುಪ್ತಚರ ಸಂಸ್ಥೆ ಮಾಸ್ಕಿರೋವ್ಕಾದ ಬಾಗಿಲನ್ನು ಇವನೇ ಹೋಗಿ ತಟ್ಟಿದ್ದರೆ ಅನುಮಾನಪಡುತ್ತಿದ್ದರು. ಅದಕ್ಕೆ ಅವನು ಎಲ್ಲರ ಕಣ್ಣೆದುರು ತನ್ನ ದೇಶವನ್ನು ಬೈದ, ಗೆದ್ದ, ಹೆಸರು ಮಾಡಿದ. ಅವರೇ ಕರೆದುಕೊಂಡು ಹೋದರು. ಇಲ್ಲೂ ಅದೇ ಪಟ್ಟು ನೋಡಿ: ಮೂಲೆ ಹಿಡಿದು ಕಾಯುವುದು, ಎದುರಾಳಿಯೇ ಹತ್ತಿರ ಬರುವಂತೆ ಮಾಡುವುದು.

ಒಳಹೊಕ್ಕವನು ಕಪೆಲನ್ ಯಂತ್ರಗಳಿಗೆ ಅವುಗಳ ಕೈಕಾಲು ಆಡಿಸುವ, ಮೂರು ಪಟ್ಟು ಬಲದ ಕೃತಕ ಸ್ನಾಯುವಿನ ರಹಸ್ಯ 'ಕದ್ದು' ಕೊಟ್ಟ. ಒಂದು ಬಗೆಯ ಅನಿಲ ತಾಗಿದರೆ ಆ ಸ್ನಾಯು ಹೊತ್ತಿ ಉರಿಯುತ್ತದೆ ಅನ್ನುವುದನ್ನು ಹೇಳಲಿಲ್ಲ. ಕಥೆಯ ಕಾಲದ 3028ರಲ್ಲಿ ಯುದ್ಧ ಶುರುವಾದ ಮೇಲೆ ಅದರ ಫಲ ರಣರಂಗದಲ್ಲಿ ಕಂಡಿತು. ನನ್ನ ಒಂದು ತಕರಾರು: ಇಷ್ಟು ಚೆನ್ನಾಗಿ ಕಟ್ಟಿದ ಅಖಾಡವನ್ನು ಕಾದಂಬರಿ ಬೇಗನೆ ಮರೆತು ಅರಮನೆ ರಾಜಕೀಯಕ್ಕೆ ಜಿಗಿಯುತ್ತದೆ. ಇನ್ನೂ ನಾಲ್ಕು ಪಂದ್ಯ ಇರಬೇಕಿತ್ತು.

ಆ ಕೊರತೆಯನ್ನು ಮುಂದೆ ಜಸ್ಟಿನ್‌ನ ಮಗ 'ಕೈ ಅಲಾರ್ಡ್-ಲಿಯಾವೋ' ಸ್ವಲ್ಪ ತುಂಬಿದ. ತಾಯಿ ಕ್ಯಾಂಡೇಸ್, ಶತ್ರು ದೊರೆಯ ಮಗಳೇ! ಯೆನ್-ಲೋ-ವಾಂಗ್ ಏರಿ ಅವನು ಸೊಲಾರಿಸ್ ಚಾಂಪಿಯನ್ ಆದ. ನೀವು ಆ ಯಂತ್ರವನ್ನು ಮೇಜಿನ ಮೇಲೆ ಇಳಿಸುವುದಾದರೆ ಮೊದಲು ನಕಾಶೆ ನೋಡಿ. ಗೋಡೆ ಇಲ್ಲದಿದ್ದರೆ ಬೇರೆ ಯಂತ್ರ ತಗೊಳ್ಳಿ.