ಪ್ರತಿಕ್ರಿಯೆ: ಜೀನ್ಸ್ ಯೂನಿಟ್‌ಗೆ ಇನ್‌ಸ್ಟಾಗ್ರಾಮ್, ಥ್ರೆಡ್ಸ್ ಈಗಲೇ ಬೇಕಾ?

ನಿಮ್ಮ ಜೀನ್ಸ್ ಹೊಲಿಯುವ ಯೂನಿಟ್‌ಗೆ ಆರ್ಡರ್ ಕಡಿಮೆಯಾಗಿದೆ, ಇನ್‌ಸ್ಟಾಗ್ರಾಮ್ ಮತ್ತು ಥ್ರೆಡ್ಸ್ (ಇನ್‌ಸ್ಟಾಗ್ರಾಮ್ ಕಂಪನಿಯದೇ ಬರಹ ಹಾಕುವ ಆ್ಯಪ್) ಇಲ್ಲದ್ದೇ ಕಾರಣ ಅಂತ ಮಗ ಹೇಳ್ತಾನೆ, ಈಗಲೇ ಶುರುಮಾಡಬೇಕಾ ಅಂತ ಕೇಳಿದ್ದೀರಿ. ಆರ್ಡರ್ ಕಡಿಮೆಯಾಗಿರುವುದು ನಿಮ್ಮ ಮಗ ಹೇಳುವ ಹಾಗೆ ಇನ್‌ಸ್ಟಾಗ್ರಾಮ್, ಥ್ರೆಡ್ಸ್ ಇಲ್ಲ ಅಂತ ಇರಲಿಕ್ಕಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ರೇಟ್ ಕೇಳಿದವರಿಗೆ ಮರುದಿನ ಉತ್ತರ ಹೋಗುತ್ತಿದೆ ಅಂತ ನೀವೇ ಬರೆದಿದ್ದೀರಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೇನು ಬರವಾ? ಅಷ್ಟೊತ್ತಿಗೆ ಗಿರಾಕಿ ಬೇರೆ ಕಡೆ ಮಾತು ಮುಗಿಸಿರುತ್ತಾನೆ.

ಮೊದಲು ಇರುವುದನ್ನು ಸರಿಮಾಡಿ. ವಾಟ್ಸ್‌ಆ್ಯಪ್ ಬಿಸಿನೆಸ್ (ವ್ಯಾಪಾರಿಗಳಿಗಾಗಿ ಇರುವ ವಾಟ್ಸ್‌ಆ್ಯಪ್) ಕ್ಯಾಟಲಾಗ್‌ನಲ್ಲಿ, ಅಂದರೆ ಮಾಲಿನ ಫೋಟೊ-ವಿವರದ ಪಟ್ಟಿಯಲ್ಲಿ, 500 ಐಟಂವರೆಗೆ ಹಾಕಬಹುದು. ಪ್ರತಿ ಪ್ಯಾಂಟ್‌ಗೆ ಸೈಜ್, ಬಟ್ಟೆ, ಕನಿಷ್ಠ ಎಷ್ಟು ಪೀಸ್ ತಗೋಬೇಕು ಅನ್ನೋದನ್ನು ಬರೆಯಿರಿ. ಎಲ್ಲರೂ ಕೇಳುವ ಪ್ರಶ್ನೆಗಳಿಗೆ ಕ್ವಿಕ್ ರಿಪ್ಲೈ, ಅಂದರೆ ತಕ್ಷಣ ಕಳಿಸಬಹುದಾದ ಸಿದ್ಧ ಉತ್ತರ, ಬರೆದಿಟ್ಟುಕೊಳ್ಳಿ.

ಆಮೇಲೆ ಒಂದು ತಿಂಗಳು, ಹೊಸದಾಗಿ ಬಂದ ಪ್ರತಿಯೊಬ್ಬರನ್ನೂ "ನಮ್ಮ ಮಾಲು ಎಲ್ಲಿ ನೋಡಿದ್ರಿ?" ಅಂತ ಕೇಳಿ ಬರೆದಿಡಿ. ಇನ್‌ಸ್ಟಾಗ್ರಾಮ್ ಹೆಸರು ಮತ್ತೆ ಮತ್ತೆ ಬಂದರೆ ರೀಲ್ಸ್ ಶುರುಮಾಡುವ ಹೊತ್ತು ಬಂತು ಅಂತಲೇ. ಕಟಿಂಗ್, ಹೊಲಿಗೆ, ವಾಷಿಂಗ್ ತೋರಿಸಿದರೆ ಸಾಕು, ಡ್ಯಾನ್ಸ್ ಬೇಡ. ನಿಮ್ಮದು ಹೋಲ್‌ಸೇಲೋ ಬಿಡಿ ಮಾರಾಟವೋ ಹೇಳಿಲ್ಲ. ಬರೀ ಹೋಲ್‌ಸೇಲ್ ಆದರೆ ರೀಲ್ಸ್‌ನಿಂದ ಜಾಸ್ತಿ ಉಪಯೋಗ ಆಗುತ್ತಾ ಅನ್ನೋದು ನನಗೆ ಅನುಮಾನವೇ.

ಈಗ ಇನ್‌ಸ್ಟಾಗ್ರಾಮ್‌ನಲ್ಲಿ ನಿಮ್ಮ ಯೂನಿಟ್ ಹೆಸರಿನ ಖಾತೆ ಮಾತ್ರ ತೆರೆದಿಡಿ. ಥ್ರೆಡ್ಸ್‌ಗೂ ಅದೇ ಖಾತೆ ನಡೆಯುತ್ತದೆ, ಅವಸರವಿಲ್ಲ.

ಗಿರಾಕಿಗಳ ನಂಬರ್ ನಿಮ್ಮ ಪುಸ್ತಕದಲ್ಲೂ ಇರಲಿ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅದೊಂದನ್ನೇ ನಂಬಿದವರ ಪಾಡು ಗೊತ್ತಲ್ವಾ? ದುಡ್ಡು ಕೊಟ್ಟು ಜಾಹೀರಾತು ಹಾಕುವುದೇನಿದ್ದರೂ, ರೇಟ್ ಕೇಳಿದವರಿಗೆ ಅದೇ ದಿನ ಉತ್ತರ ಹೋಗುವಂತಾದ ಮೇಲೆ.