ಜೇನುನೀರು ಇಟ್ಟರೂ ಆ ಪತಂಗ ಯಾಕೆ ಕುಡಿಯಲಿಲ್ಲ?

ಪ್ರಶ್ನೆ: ಮಳೆ ಶುರುವಾದ ವಾರ ನಮ್ಮ ಜಗಲಿಯ ದೀಪಕ್ಕೆ ಅಂಗೈಗಿಂತ ದೊಡ್ಡ, ಇಟ್ಟಿಗೆ ಬಣ್ಣದ ಪತಂಗ ಬಂದು ಕೂತಿತ್ತು. ರೆಕ್ಕೆಯ ತುದಿ ಹಾವಿನ ತಲೆಯ ಹಾಗೇ ಇತ್ತು. ಹಸಿದಿರಬೇಕೆಂದು ಆಯಿ ಜೇನುನೀರು ಇಟ್ಟಳು. ಮುಟ್ಟಲೇ ಇಲ್ಲ. ನಾಲ್ಕನೇ ದಿನ ಬೆಳಿಗ್ಗೆ ಸತ್ತು ಬಿದ್ದಿತ್ತು. ಆಯಿಗೆ ಬಹಳ ಬೇಜಾರು. ನಮ್ಮಿಂದ ಏನಾದರೂ ತಪ್ಪಾಯಿತಾ? ಫೋಟೊ ಕಳಿಸಿದ್ದೇನೆ.
– ಶಿರಸಿ ಹತ್ತಿರದ ಓದುಗರು

ಉತ್ತರ: ತಪ್ಪೇನೂ ಆಗಿಲ್ಲ. ಮೊದಲು ಆಯಿಗೆ ಇದನ್ನು ಹೇಳಿ. ಅದು ಅಟ್ಲಾಸ್ ಪತಂಗ. ರೆಕ್ಕೆ ಬಂದ ಮೇಲೆ ಅದಕ್ಕೆ ಉಣ್ಣುವ ಬಾಯಿಯೇ ಇರುವುದಿಲ್ಲ. ಹುಳುವಾಗಿದ್ದಾಗ ತಿಂದು ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅದರ ಬುತ್ತಿ. ಆ ಬುತ್ತಿ ಒಂದು ವಾರ, ಹೆಚ್ಚೆಂದರೆ ಎರಡು ವಾರ ಬರುತ್ತದೆ.

ಅಷ್ಟರಲ್ಲಿ ಜೋಡಿ ಸಿಗಬೇಕು. ಹೆಣ್ಣು ಗೂಡಿನಿಂದ ಹೊರಬಂದು ಅಲ್ಲೇ ಹತ್ತಿರ ಕೂತು, ರಾತ್ರಿ ಒಂದು ವಾಸನೆ ಬಿಡುತ್ತದೆ. ನಮ್ಮ ಮೂಗಿಗೆ ಅದು ತಿಳಿಯದು. ಗಂಡು ತನ್ನ ಮೀಸೆಯಿಂದ ಅದನ್ನು ದೂರದಿಂದಲೇ ಹಿಡಿಯುತ್ತದೆ. ನಿಮ್ಮ ಫೋಟೊದಲ್ಲಿ ಮೀಸೆ ಹಕ್ಕಿಯ ಗರಿಯಂತೆ ಅಗಲವಾಗಿದೆ, ಅಲ್ವಾ? ಹಾಗಾಗಿ ಬಂದದ್ದು ಗಂಡು. ಹೆಣ್ಣನ್ನು ಹುಡುಕಿ ಹೊರಟಿದ್ದು ದೀಪಕ್ಕೆ ಸಿಕ್ಕಿಕೊಂಡಿರಬೇಕು. ಮತ್ತೆ ಬಂದರೆ ಜಗಲಿಯ ದೀಪ ಆರಿಸಿಬಿಡಿ. ಜೇನಿಗಿಂತ ಅದಕ್ಕೆ ಬೇಕಾದದ್ದು ಕತ್ತಲೆ.

ನಮ್ಮ ಘಟ್ಟದ ಜಾತಿಯ ಹೆಸರು ಅಟಾಕಸ್ ಟಾಪ್ರೊಬಾನಿಸ್. ಟಾಪ್ರೊಬಾನ ಅಂದರೆ ಶ್ರೀಲಂಕೆಯ ಹಳೆಯ ಹೆಸರು. ಅಲ್ಲಿಯೂ ಇದು ಇದೆ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟ ಅಟಾಕಸ್ ಅಟ್ಲಾಸ್ ಇದರ ಹತ್ತಿರದ ನೆಂಟ. ಅದು ಈಶಾನ್ಯ ಭಾರತದ ಕಡೆ ಸಿಗುತ್ತದೆ.

ಆಯಿಗೆ ಇದಕ್ಕೆ ಊಟ ಹಾಕುವ ಆಸೆ ಇದ್ದರೆ ದಾರಿ ಇದೆ. ತೋಟದಲ್ಲಿ ದಾಲ್ಚಿನ್ನಿ ಗಿಡ ಇದೆಯಾ? ಅದರ ಎಲೆ ಈ ಹುಳುವಿಗೆ ಇಷ್ಟ. ಬೆರಳಿಗಿಂತ ದಪ್ಪ ಹುಳು, ಮೈಮೇಲೆ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ. ಕಂಡರೆ ಔಷಧಿ ಹೊಡೆಯಬೇಡಿ, ಸುಮ್ನೆ ಬಿಡಿ. ಒಂದೆರಡು ಟೊಂಗೆ ಬೋಳಾದರೂ ಮತ್ತೆ ಚಿಗುರುತ್ತದೆ.

ಹುಳು ಬಲಿತ ಮೇಲೆ ಎಲೆಯನ್ನೇ ಸುತ್ತಿಕೊಂಡು ಒಳಗೆ ಕಂದು ರೇಷ್ಮೆಯ ಗೂಡು ಕಟ್ಟುತ್ತದೆ. ಎಲೆ ಉದುರದಂತೆ ತೊಟ್ಟನ್ನೂ ಟೊಂಗೆಗೆ ರೇಷ್ಮೆಯಿಂದ ಬಿಗಿಯುತ್ತದೆ. ಹಾಗಾಗಿ ಗಿಡ ಸವರುವಾಗ ಒಂದೇ ಒಂದು ಒಣ ಎಲೆ ಬೀಳದೆ ಜೋತಾಡುತ್ತಿದ್ದರೆ, ಕತ್ತಿ ಹಾಕುವ ಮೊದಲು ಅದರೊಳಗೆ ಗೂಡು ಇದೆಯಾ ನೋಡಿ.